ನೀಲಿ ಮಹಾರಾಣಿಯ ವಿಷ

ವಸಂತಕಾಲದಲ್ಲಿ ಗುಡ್ಡ ಹತ್ತಿದವರು ಹೂವು ನೋಡಿ, ನಾಲ್ಕು ಒಳ್ಳೆಯ ಮಾತಾಡಿ, ಕಟ್ಟಿಕೊಂಡು ಹೋದದ್ದನ್ನು ತಿಂದು ಇಳಿದು ಬರುತ್ತಾರೆ. ನಮ್ಮ ಕಟ್ಟಡದವರು ಹಾಗಲ್ಲ. ನಾವು ಹೂವಿನ ಕೈಯಿಂದ ಜೀವ ಉಳಿಸಿಕೊಂಡು ಓಡಿ ಬಂದವರು. ಆ ಓಟದಲ್ಲಿ ನಾನೂ ಇದ್ದೆ, ಎಲ್ಲರಿಗಿಂತ ಮುಂದೆಯೇ ಇದ್ದೆ. ಆದ್ದರಿಂದ ಈ ಚರಿತ್ರೆಯನ್ನು ಬರೆಯುವ ಅಧಿಕಾರ ನನಗಿದೆ ಎಂದು ತಿಳಿದಿದ್ದೇನೆ.

ಇದಕ್ಕೆಲ್ಲ ಮೂಲ ಕೆಳಗಿನ ಮನೆಯ ಪರದೆಯವರು. ಅವರಿಗೆ ತಂದೆತಾಯಿ ಇಟ್ಟ ಹೆಸರು ಒಂದಿದೆ. ಅದನ್ನು ಪೋಸ್ಟಿನವನು ಬಿಟ್ಟರೆ ಬೇರೆ ಯಾರೂ ಬಳಸುವುದಿಲ್ಲ. ದೊಡ್ಡ ಬೀದಿಯಲ್ಲಿ ಕಿಟಕಿ ಪರದೆಯ ಬಟ್ಟೆ ಮಾರುವ ಅಂಗಡಿಯೊಂದಿದೆ. ಅಲ್ಲಿ ಕತ್ತರಿ ಹಿಡಿದು, ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡು, ಬಟ್ಟೆಯ ಥಾನುಗಳನ್ನು ಬಿಚ್ಚಿ ಬಿಚ್ಚಿ ಹರಡುವುದು ಅವರ ಕೆಲಸ. ಪರದೆಯ ಮೇಲೆ ಹೂವುಗಳಿರುತ್ತವೆ. ಹೂವು ಕಂಡ ಗಿರಾಕಿ ಕೇಳಿಯೇ ಕೇಳುತ್ತಾಳೆ, "ಇದು ಯಾವ ಹೂವು?" ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರದೆಯವರು ಪ್ರಾಮಾಣಿಕವಾಗಿ "ಗೊತ್ತಿಲ್ಲಮ್ಮ" ಎಂದಿದ್ದರು. ಆಕೆ ಬಟ್ಟೆ ಕೆಳಗಿಟ್ಟು ಎದುರಂಗಡಿಗೆ ಹೋದಳು. ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ಅಂದಿನಿಂದ ಆ ಅಂಗಡಿಯಲ್ಲಿ ಹೆಸರಿಲ್ಲದ ಹೂವು ಒಂದೂ ಇಲ್ಲ.

"ಇದು ಹಳದಿ ಮಂತ್ರಿ ಅಂತ ಮೇಡಂ, ಬೆಳಗಿನ ಬಿಸಿಲಿಗೆ ಮಾತ್ರ ಅರಳೋದು. ಇದು ಬೆಳ್ಳಿಗಂಟೆ. ಇದು ಸಂಜೆ ರಾಜಕುಮಾರಿ, ಬಹಳ ನಾಚಿಕೆ ಸ್ವಭಾವ." ಹೀಗೆ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದರು. ಬಟ್ಟೆ ಮಾರಾಟವಾಗುತ್ತಾ ಹೋಯಿತು. ವರ್ಷಗಳು ಕಳೆದಂತೆ ಕಟ್ಟಡದವರೂ ಮೆಟ್ಟಿಲ ಮೇಲಿನ ಕುಂಡಗಳನ್ನು ತೋರಿಸಿ ಕೇಳತೊಡಗಿದರು. ಅವರು ಅವಕ್ಕೂ ಹೆಸರಿಟ್ಟರು. ಒಟ್ಟಿನಲ್ಲಿ, ಜೀವನದಲ್ಲಿ ಒಂದು ಗಿಡಕ್ಕೂ ನೀರು ಹಾಕದ ಮನುಷ್ಯ ನಮ್ಮೆಲ್ಲರ ಪಾಲಿಗೆ ಹೂವಿನ ಪಂಡಿತರಾಗಿ ಕೂತರು.

ಈ ಪಾಂಡಿತ್ಯವನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ಅವರ ಹೆಂಡತಿ. ಆ ತಾಯಿ ಮದುವೆಯಾದಾಗಿನಿಂದ ಅಂಗಡಿಯಲ್ಲಿ ಉಳಿದ ತುಂಡು ಪರದೆಗಳ ನಡುವೆಯೇ ಸಂಸಾರ ಮಾಡಿದವರು. ಅಡುಗೆಮನೆ ಕಿಟಕಿಗೆ ಬೆಳ್ಳಿಗಂಟೆ, ಬಚ್ಚಲಿಗೆ ಸಂಜೆ ರಾಜಕುಮಾರಿ. ಪರದೆ ಸರಿಸಿದರೆ ಎದುರು ಕಟ್ಟಡದ ನೀರಿನ ಟ್ಯಾಂಕು. ಆದ್ದರಿಂದ ಊರಾಚೆಯ ಗುಡ್ಡದಲ್ಲಿ ಕಾಡುಹೂವು ಬಿಟ್ಟಿದೆ, ಭಾನುವಾರ ಎಲ್ಲರೂ ಹೋಗೋಣ ಎಂದು ಕಟ್ಟಡದ ಸಂಘದ ಅಧ್ಯಕ್ಷರು ಮೆಟ್ಟಿಲ ಕೆಳಗೆ ನಿಂತು ಘೋಷಿಸಿದಾಗ ಮೊದಲು ಕೈ ಎತ್ತಿದವರು ಅವರೇ.

"ನಮ್ಮ ಯಜಮಾನ್ರು ಎಲ್ಲಾ ಹೂವನ್ನೂ ಹೇಳ್ತಾರೆ. ಅವರಿಗೆ ಗೊತ್ತಿಲ್ಲದ ಹೂವೇ ಇಲ್ಲ" ಎಂದರು.

ಅಧ್ಯಕ್ಷರು ಪರದೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ನಿವೃತ್ತ ರೈಲ್ವೆ ಟಿಕೆಟ್ ತಪಾಸಣೆಯವರು. ಯಾರನ್ನು ನೋಡಿದರೂ ಟಿಕೆಟ್ ಇಲ್ಲದೆ ಹತ್ತಿದವನಿರಬೇಕು ಎಂಬ ಅನುಮಾನ ಅವರ ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. "ಒಳ್ಳೇದಾಯ್ತು. ನಾನೂ ಒಂದು ಪುಸ್ತಕ ತಗೊಂಡಿದ್ದೀನಿ. ಬಣ್ಣದ ಚಿತ್ರ ಇದೆ, ಹೆಸರೂ ಇದೆ. ನೀವು ಹೇಳ್ತಾ ಹೋಗಿ, ನಾನು ಪುಸ್ತಕ ನೋಡ್ತಾ ಬರ್ತೀನಿ" ಎಂದರು.

ಪರದೆಯವರ ಎದೆ ಧಸಕ್ಕೆಂದಿತು. ನಾನು ಪಕ್ಕದಲ್ಲೇ ನಿಂತಿದ್ದೆ, ಹೆಚ್ಚು ಕಡಿಮೆ ಕೇಳಿಸಿತು.

ಅವರು ಹುಟ್ಟಾ ಹೆದರುಪುಕ್ಕರು. ಜೇನುಹುಳಕ್ಕೆ ಹೆದರುತ್ತಾರೆ, ಇಳಿಜಾರಿಗೆ ಹೆದರುತ್ತಾರೆ. ಸೂಜಿಗಂತೂ ಎಷ್ಟು ಹೆದರುತ್ತಾರೆಂದರೆ, ಅಂಗಡಿಯ ಟೈಲರ್ ಗುಂಡಿ ಹೊಲಿಯುವಾಗ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಒಮ್ಮೆ ಕಟ್ಟಡದಲ್ಲಿ ಎಲ್ಲರಿಗೂ ಚುಚ್ಚುಮದ್ದು ಹಾಕಿದಾಗ, ಇವರ ಸರದಿ ಬರುವ ಮೊದಲೇ, ಮುಂದಿನವರ ತೋಳು ನೋಡಿಯೇ ನೆಲಕ್ಕೆ ಬಿದ್ದಿದ್ದರು. ಈಗ ಈ ಎಲ್ಲದರ ಮೇಲೆ ಬಣ್ಣದ ಚಿತ್ರದ ಪುಸ್ತಕ ಬೇರೆ.

ಭಾನುವಾರ ಬೆಳಿಗ್ಗೆ ಅವರು ಜ್ವರ ಎಂದು ಕಂಬಳಿ ಹೊದ್ದು ಮಲಗಿದರು. ಅವರ ಅತ್ತೆ ಆ ಮನೆಯಲ್ಲೇ ಇರುತ್ತಾರೆ. ಅಳಿಯನ ಬಗ್ಗೆ ಆಕೆಗೆ ಯಾವ ಭ್ರಮೆಯೂ ಇಲ್ಲ. ಥರ್ಮಾಮೀಟರ್ ಇಟ್ಟು, ತೆಗೆದು, ಅವರನ್ನು ಕರೆಯಲು ಬಂದಿದ್ದ ನನಗೆ ತೋರಿಸಿದರು. ನಾನು ಕನ್ನಡಕದ ಅಂಗಡಿಯವನಾದ್ದರಿಂದ ಸಣ್ಣದನ್ನು ಓದುವ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ.

"ಜ್ವರ ಇಲ್ಲ" ಎಂದೆ.

"ಏಳಿ ಅಳಿಯಂದ್ರೇ. ಗೋಡೆ ಇದಕ್ಕಿಂತ ಬಿಸಿಯಾಗಿದೆ" ಎಂದರು ಅತ್ತೆ.

ಪರದೆಯವರು ಹೆಂಡತಿಯ ಕಡೆ ದೀನವಾಗಿ ನೋಡಿದರು. ಆಕೆ ಆಗಲೇ ಸೀರೆ ಉಟ್ಟು, ನೀರಿನ ಬಾಟಲಿ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. "ರೀ, ಇಷ್ಟು ವರ್ಷ ನಾನು ನೋಡಿದ ಹೂವೆಲ್ಲ ಒಗೆದು ಇಸ್ತ್ರಿ ಮಾಡಿದ್ದೇ. ಒಂದಾದ್ರೂ ನಿಜವಾದ್ದು ತೋರಿಸ್ರಿ" ಎಂದರು. ಆ ಮಾತಿನಲ್ಲಿ ಜಗಳ ಇರಲಿಲ್ಲ, ಆಸೆ ಮಾತ್ರ ಇತ್ತು. ಜಗಳವಾಗಿದ್ದರೆ ಪರದೆಯವರು ತಪ್ಪಿಸಿಕೊಳ್ಳುತ್ತಿದ್ದರು. ಆಸೆಯಾದ್ದರಿಂದ ಕಂಬಳಿ ಸರಿಸಿದರು. ಎದ್ದು ಶೂ ಹಾಕಿಕೊಂಡರು.

ಗುಡ್ಡದ ಬುಡದ ಗೇಟಿನಲ್ಲಿ ಅರಣ್ಯದ ಗಾರ್ಡ್ ಒಬ್ಬ ಸ್ಟೂಲಿನ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದ. "ಹೂವು ಕೀಳಬೇಡಿ, ಕಸ ಹಾಕಬೇಡಿ" ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿ ಒಳಗೆ ಬಿಟ್ಟ. ಕಾಲುದಾರಿ ಕಿರಿದಾಗಿತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪರದೆಯವರು ನೋಡಲೊಲ್ಲದ ಕಣಿವೆ. ಅವರು ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡು, ಮುಖವನ್ನು ಗುಡ್ಡಕ್ಕೆ ಒತ್ತಿಕೊಂಡಂತೆ ಅಡ್ಡಡ್ಡವಾಗಿ ನಡೆದರು. ನೋಡಿದವರಿಗೆ ಗಿಡಗಳನ್ನು ಹತ್ತಿರದಿಂದ ಪರೀಕ್ಷಿಸುತ್ತಿರುವಂತೆ ಕಾಣುತ್ತಿತ್ತು. ಪಂಡಿತರೆಂಬ ಗೌರವ ಇನ್ನಷ್ಟು ಹೆಚ್ಚಿತು.

ಮೊದಲು ಹಳದಿ ಹೂವು ಸಿಕ್ಕಿತು. "ಹಳದಿ ಮಂತ್ರಿ" ಎಂದರು ಪರದೆಯವರು. ಅಧ್ಯಕ್ಷರು ಪುಸ್ತಕ ತಿರುವಿದರು. ಪುಸ್ತಕದಲ್ಲಿ ಹಳದಿ ಹೂವುಗಳೇ ಎಷ್ಟೋ ಪುಟ ಇದ್ದವು. ಅವರು ಒಂದನ್ನು ಹುಡುಕಿ ಮುಗಿಸುವಷ್ಟರಲ್ಲಿ ಪರದೆಯವರು ಮುಂದಿನ ತಿರುವಿನಲ್ಲಿ ಬೆಳ್ಳಿಗಂಟೆಗೆ ಹೆಸರಿಟ್ಟಾಗಿರುತ್ತಿತ್ತು. ಹೀಗೆ ಪುಸ್ತಕ ಹಿಂದೆ, ಪರದೆಯವರು ಮುಂದೆ. ಅಷ್ಟು ಹೆದರಿಕೆಯ ಮನುಷ್ಯ ಅಷ್ಟು ಬೇಗ ಗುಡ್ಡ ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೆರಗು ಬಿಡಿಸಿಕೊಂಡು ಹೆಂಡತಿ ಹಿಂದೆ ಉಳಿದುಬಿಟ್ಟಿದ್ದರು. ಪ್ರತಿ ಹೂವಿನ ಮುಂದೂ ಕೂತು, ಏಳುತ್ತಾ, ಯಾರೊಡನೆಯೋ ಮಾತಾಡುವಂತೆ ನಗುತ್ತಾ ಬರುತ್ತಿದ್ದರು.

ಆಮೇಲೆ ಆ ನೀಲಿ ಇಳಿಜಾರು ಬಂತು. ಇಡೀ ಇಳಿಜಾರು ನೀಲಿ. ಗಾಳಿ ಬಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸರಿದು ಹೋಗುವ ನೀಲಿ. ನಾವೆಲ್ಲ ಅಲ್ಲೇ ನಿಂತುಬಿಟ್ಟೆವು. ಅತ್ತೆ ಕೂಡ "ಅಯ್ಯೋ, ಎಷ್ಟು ಚೆನ್ನಾಗಿದೆ" ಎಂದುಬಿಟ್ಟರು. ಆ ಕ್ಷಣದಲ್ಲಿ ಅಧ್ಯಕ್ಷರು ಏದುಸಿರು ಬಿಡುತ್ತಾ ಬಂದು ತಲುಪಿದರು. ಪುಸ್ತಕದಲ್ಲಿ ನೀಲಿ ಹೂವಿನ ಪುಟ ಒಂದೇ ಒಂದು. ಅದನ್ನು ತೆರೆದು, ಟಿಕೆಟ್ ಇಲ್ಲದವನನ್ನು ಬೋಗಿಯ ಕೊನೆಯಲ್ಲಿ ಹಿಡಿದವರ ತೃಪ್ತಿಯಿಂದ, "ಈಗ ಹೇಳಿ. ನಾನು ಒಂದು ಹೂವು ಕಿತ್ತು ಚಿತ್ರದ ಪಕ್ಕ ಇಟ್ಟು ನೋಡ್ತೀನಿ" ಎಂದು ಕೈ ಚಾಚಿದರು.

ಪರದೆಯವರ ಹಿಂದೆ ಕಣಿವೆ, ಮುಂದೆ ಪುಸ್ತಕ. ಹೆಂಡತಿ ಅಷ್ಟು ದೂರದಲ್ಲಿ ಮುಖವೆಲ್ಲ ಬೆಳಕಾಗಿಸಿಕೊಂಡು ಬರುತ್ತಿದ್ದಾರೆ. ಮನುಷ್ಯ ಏನು ಮಾಡಿಯಾನು?

"ಮುಟ್ಟಬೇಡಿ!" ಎಂದು ಕಿರುಚಿದರು. "ವಿಷ! ಅದು ವಿಷ!"

ಅಧ್ಯಕ್ಷರು ಕೆಂಡ ಮುಟ್ಟಿದವರಂತೆ ಕೈ ಕೊಡವಿದರು. ಕೊಡವಿದ್ದು ಪುಸ್ತಕ ಹಿಡಿದ ಕೈ. ಬಣ್ಣದ ಚಿತ್ರಗಳು ಒಮ್ಮೆ ಗಾಳಿಯಲ್ಲಿ ಪಟಪಟ ಬಡಿದು ಕಣಿವೆಗೆ ಹೋದವು. ಪರದೆಯವರ ಮುಖದ ಮೇಲೆ ಬಂದ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡೆ. ಅದು ಅವರ ಆ ದಿನದ ಕೊನೆಯ ನೆಮ್ಮದಿ.

"ನಾನು ಮುಟ್ಟಿಬಿಟ್ಟೆ ಅನ್ಸುತ್ತೆ" ಎಂದರು ಅಧ್ಯಕ್ಷರು, ಬೆರಳು ದೂರ ಹಿಡಿದುಕೊಂಡು. "ತುರಿಸ್ತಿದೆ."

ಅವರು ಹಾಗೆಂದದ್ದೇ ತಡ, ನನಗೆ ಕುತ್ತಿಗೆ ತುರಿಸಿತು. ಅತ್ತೆಗೆ ಮೊಣಕೈ. ನಾವು ಆ ಹೂವುಗಳ ನಡುವೆಯೇ ಅಷ್ಟು ಹೊತ್ತು ನಿಂತಿದ್ದೆವಲ್ಲ! ನಿಂತ ಜಾಗದಲ್ಲೇ ಎಲ್ಲರೂ ತುರಿಸಿಕೊಳ್ಳತೊಡಗಿದೆವು.

"ಮುಟ್ಟಿದ್ರೇ ಹೀಗೆ. ತಿಂದ್ರೆ?" ಎಂದೆ ನಾನು. ಕೇಳಬಾರದಿತ್ತು.

ಪರದೆಯವರಿಗೆ ಅಂಗಡಿಯ ಅಭ್ಯಾಸ. ಗಿರಾಕಿ ನಂಬಿದ ಮೇಲೆ ಇನ್ನೆರಡು ಮಾತು ಸೇರಿಸದೆ ಬಿಟ್ಟವರಲ್ಲ. ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ತಿಂದ್ರೆ ಮುಗೀತು. ಮೊದಲು ಸುಸ್ತು. ಆಮೇಲೆ ನಿದ್ದೆ. ಆ ನಿದ್ದೆಯಿಂದ ಎದ್ದವರನ್ನ ನಾನು ಕಾಣೆ" ಎಂದರು.

ಆಗ ಅತ್ತೆ ಕೈ ತೋರಿಸಿದರು. ಇಳಿಜಾರಿನ ಆ ಬದಿಯಲ್ಲಿ ಒಂದು ಬಿಳಿ ಮೇಕೆ ನೀಲಿ ಹೂವುಗಳನ್ನು ಬಾಯಿತುಂಬ ಮೇಯುತ್ತಿತ್ತು. ನಾವು ಉಸಿರು ಬಿಗಿಹಿಡಿದು ನೋಡಿದೆವು. ಮೇಕೆ ಮೇಯಿತು, ತಲೆ ಎತ್ತಿ ಅತ್ತಿತ್ತ ನೋಡಿತು, ಮುಂಗಾಲು ಮಡಚಿತು. ಹಿಂಗಾಲು ಮಡಚಿತು. ನಿಧಾನವಾಗಿ ಬಿಸಿಲಿನಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತು.

"ಹೋಯ್ತು" ಎಂದರು ಅಧ್ಯಕ್ಷರು, ಪಿಸುದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ನೀವು ಕನ್ನಡಕದವರು. ಸರಿಯಾಗಿ ನೋಡಿ ಹೇಳಿ, ಉಸಿರಾಡ್ತಿದೆಯಾ?"

ನನ್ನ ದೂರದ ಕನ್ನಡಕ ಮನೆಯಲ್ಲಿತ್ತು. ಅದನ್ನು ಆ ಹೊತ್ತಿನಲ್ಲಿ ಹೇಳಿದರೆ ನನ್ನ ಕಸುಬಿನ ಗತಿಯೇನು? ಬಿಳಿಯ ಮಚ್ಚೆಯೊಂದನ್ನು ಗಂಭೀರವಾಗಿ ದಿಟ್ಟಿಸಿ, "ಇಲ್ಲ" ಎಂದೆ.

ಪರದೆಯವರ ಮುಖ ಸುಣ್ಣದ ಗೋಡೆಯಂತಾಯಿತು. ತಾವು ಹೇಳಿದ ಸುಳ್ಳು ತಮ್ಮ ಕಣ್ಣೆದುರೇ ಸತ್ತು ಬೀಳುವುದನ್ನು ಅವರು ಹಿಂದೆ ಕಂಡಿರಲಿಲ್ಲ. ಸುಸ್ತು, ಆಮೇಲೆ ನಿದ್ದೆ: ಎಲ್ಲ ಹೇಳಿದ ಹಾಗೇ ಆಗಿದೆ! ಅವರು ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಶೂಗೆ ಅಂಟಿದ್ದ ನೀಲಿ ಎಸಳನ್ನು ಕಲ್ಲಿಗೆ ಉಜ್ಜತೊಡಗಿದರು.

ಅದೇ ಹೊತ್ತಿಗೆ ಹೆಂಡತಿ ಬಂದು ಸೇರಿದರು. ಕೈಯಲ್ಲಿ ನೀಲಿ ಹೂವಿನ ಸಣ್ಣ ಗೊಂಚಲು. ನಮ್ಮ ಮುಖಗಳನ್ನು ನೋಡಿ, ಮಲಗಿದ ಮೇಕೆಯನ್ನು ನೋಡಿ, ವಿಷಯವೇನೆಂದು ತಾಯಿಯಿಂದ ಕೇಳಿ ತಿಳಿದುಕೊಂಡರು. ಗೊಂಚಲು ಕೈಯಿಂದ ಜಾರಿ ಬಿತ್ತು.

"ರೀ" ಎಂದರು, ಬಹಳ ಸಣ್ಣ ದನಿಯಲ್ಲಿ. "ನಾನು ತಿಂದೆ."

"ಏನು ತಿಂದೆ?"

"ಇದೇ ಹೂವು. ಎಸಳು ಬಾಯಿಗೆ ಹಾಕ್ಕೊಂಡೆ. ಹುಳಿಹುಳಿಯಾಗಿ ಚೆನ್ನಾಗಿತ್ತು. ಇನ್ನಷ್ಟು ತಿಂದೆ."

ಯಾರೂ ತುರಿಸಿಕೊಳ್ಳಲಿಲ್ಲ. ಗಾಳಿ ಬೀಸಿ ಇಳಿಜಾರಿನ ನೀಲಿಯೆಲ್ಲ ನಮ್ಮ ಕಡೆ ಬಾಗಿತು.

ಓದುಗರು ಕೇಳಬಹುದು: ಆಗಲೇ ಪರದೆಯವರು ನಿಜ ಹೇಳಿಬಿಡಬಹುದಿತ್ತಲ್ಲ? ಬಾಯಿ ತೆರೆದದ್ದು ನಿಜ. ಆದರೆ ಎದುರಿಗೆ ಮೇಕೆ ಬಿದ್ದಿತ್ತು. ಸುಳ್ಳು ಎಂದು ಯಾವ ಧೈರ್ಯದಲ್ಲಿ ಹೇಳುವುದು? ಅವರಿಗೇ ಅದು ಸುಳ್ಳೋ ನಿಜವೋ ತಿಳಿಯದಂತಾಗಿತ್ತು. ಹೆಂಡತಿಯ ಕೈ ಹಿಡಿದರು. ಸೆರಗಲ್ಲ, ಕೈ. "ಓಡು" ಎಂದರು.

ನಾವು ಓಡಿದೆವು. ಹತ್ತುವಾಗ ಗುಡ್ಡಕ್ಕೆ ಅಂಟಿಕೊಂಡು ಬಂದಿದ್ದ ಪರದೆಯವರು ಇಳಿಯುವಾಗ ಕಣಿವೆಯ ಅಂಚಿನಲ್ಲೇ ಓಡಿದರು. "ಸುಸ್ತಾಗ್ತಿದೆಯಾ? ಸುಸ್ತಾಗ್ತಿದೆಯಾ?" ಎಂದು ಒಂದೇ ಸಮನೆ ಹೆಂಡತಿಯನ್ನು ಕೇಳುತ್ತಿದ್ದರು. ಗುಡ್ಡದಿಂದ ಓಡಿ ಇಳಿಯುವವರಿಗೆ ಸುಸ್ತಾಗದೆ ಇನ್ನೇನು? "ಆಗ್ತಿದೆ ರೀ" ಎಂದು ಆಕೆ ಅಂದಾಗಲೆಲ್ಲ ಅವರ ಬಾಯಿಂದ ಒಂದು ಸದ್ದು ಹೊರಡುತ್ತಿತ್ತು. ಅದನ್ನು ಅಕ್ಷರದಲ್ಲಿ ಬರೆಯಲು ನನಗೆ ಬರುವುದಿಲ್ಲ. ಅತ್ತೆ ಮಾತ್ರ ಆ ಗಡಿಬಿಡಿಯಲ್ಲೂ ಬಿದ್ದ ಗೊಂಚಲನ್ನು ನಾವು ಬುತ್ತಿಗೆ ತಂದಿದ್ದ ಬ್ರೆಡ್ಡಿನ ಕಾಗದದಲ್ಲಿ ಸುತ್ತಿ, "ಡಾಕ್ಟರಿಗೆ ತೋರಿಸಬೇಕಲ್ಲ" ಎಂದು ಕಾಗದದ ತುದಿ ಹಿಡಿದುಕೊಂಡು ಹಿಂದೆ ಬರುತ್ತಿದ್ದರು.

ಗೇಟಿನಲ್ಲಿ ಗಾರ್ಡ್ ಇನ್ನೂ ತಿನ್ನುತ್ತಿದ್ದ. ವಿಷಯ ಕೇಳಿ ತುತ್ತು ಬಾಯಲ್ಲೇ ಉಳಿಯಿತು. "ನೀಲಿ ಹೂವಾ? ನಾನು ದಿನಾ ಅದರ ಮಧ್ಯೆನೇ ಕೂತು ಊಟ ಮಾಡ್ತೀನಿ ಸಾರ್!"

"ಎಷ್ಟು ಕಾಲದಿಂದ?" ಎಂದರು ಅಧ್ಯಕ್ಷರು.

"ಕೆಲಸಕ್ಕೆ ಸೇರಿದಾಗಿಂದ!"

"ಮಧ್ಯಾಹ್ನ ಊಟ ಆದಮೇಲೆ ನಿದ್ದೆ ಬರುತ್ತಾ?"

"ಬರುತ್ತೆ ಸಾರ್! ತಡೆಯೋಕಾಗಲ್ಲ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಾರ್ಡ್ ಸ್ಟೂಲು ಬೀಳಿಸಿ ಎದ್ದ. ಇಲಾಖೆಯ ಜೀಪು ಅಲ್ಲೇ ಇತ್ತು. ಅವನು ಅದನ್ನು ಓಡಿಸಿದ ರೀತಿ ನೋಡಿದರೆ ವಿಷಕ್ಕೆ ನಮ್ಮನ್ನು ಕೊಲ್ಲುವ ಅವಕಾಶ ಸಿಗುವುದು ಅನುಮಾನವಾಗಿತ್ತು. ಹಿಂದಿನ ಸೀಟಿನಲ್ಲಿ ಪರದೆಯವರು ಹೆಂಡತಿಗೆ ಕಣ್ಣು ಮುಚ್ಚಲು ಬಿಡಲಿಲ್ಲ. ಆಕೆ ರೆಪ್ಪೆ ಬಡಿದರೂ ಕೆನ್ನೆ ತಟ್ಟುತ್ತಿದ್ದರು.

"ಬಿಡ್ರಿ, ಉರಿಯುತ್ತೆ" ಎಂದರು ಆಕೆ.

"ಉರಿ ಶುರುವಾಯ್ತಂತೆ!" ಎಂದು ಪರದೆಯವರು ನಮಗೆ ಕೂಗಿ ಹೇಳಿದರು.

ಆರೋಗ್ಯ ಕೇಂದ್ರ ಒಂದು ಸಣ್ಣ ಕಟ್ಟಡ. ಒಂದು ಮೇಜು, ಒಂದು ಮಂಚ, ಗಾಜಿನ ಬೀರು, ಫಿನಾಯಿಲ್ ವಾಸನೆ. ಡಾಕ್ಟರು ತೀರ ಚಿಕ್ಕ ವಯಸ್ಸಿನವರು, ಕೆಲಸಕ್ಕೆ ಹೊಸಬರು. ಕೊರಳಿನ ಸ್ಟೆತಾಸ್ಕೋಪು ಇನ್ನೂ ಮಿನುಗುತ್ತಿತ್ತು. ಪಕ್ಕದಲ್ಲಿ ನಿಂತ ನರ್ಸಮ್ಮನಿಗೆ ಅವರ ಎರಡರಷ್ಟು ವಯಸ್ಸು. ಆಕೆಯ ಮುಂದೆ "ಗೊತ್ತಿಲ್ಲ" ಎಂದು ಹೇಳಬಾರದೆಂದು ಡಾಕ್ಟರು ಕೆಲಸಕ್ಕೆ ಬಂದ ದಿನವೇ ನಿರ್ಧರಿಸಿದ್ದಿರಬೇಕು.

"ಯಾವ ಹೂವು? ಹೆಸರೇನು?" ಎಂದು ಕೇಳಿದರು.

ಎಲ್ಲರ ಕಣ್ಣೂ ಪರದೆಯವರ ಕಡೆ ತಿರುಗಿದವು. ಅವರು ತಲೆಯೊಳಗಿನ ಥಾನುಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ನೀಲಿ ಯಾವುದಿದೆ ಎಂದು ಹುಡುಕಿದರು. "ನೀಲಿ ಮಹಾರಾಣಿ" ಎಂದರು.

ನೀಲಿ ಮಹಾರಾಣಿ ಅವರ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಪರದೆ. ನಮ್ಮ ಮನೆಯ ಹಾಲಿನಲ್ಲೂ ಒಂದಿದೆ. ಆದರೆ ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲಿಲ್ಲ ಎಂದರೆ ನಂಬಬೇಕು. ನಾನು ಮಾಡಿದ್ದು ಕುತ್ತಿಗೆ ತುರಿಸಿಕೊಂಡದ್ದು ಮಾತ್ರ.

ಡಾಕ್ಟರು ಒಂದು ಕ್ಷಣ ಕಿಟಕಿ ನೋಡಿದರು. ನರ್ಸಮ್ಮನನ್ನು ನೋಡಿದರು. ಆಮೇಲೆ ತುಟಿ ಬಿಗಿದು, ನಿಧಾನವಾಗಿ ತಲೆ ಆಡಿಸಿದರು. "ಓಹೋ. ನೀಲಿ ಮಹಾರಾಣಿನಾ."

ಪರದೆಯವರ ಜೀವ ಬಾಯಿಗೆ ಬಂತು. "ನಿಮಗೆ ಗೊತ್ತಾ ಡಾಕ್ಟ್ರೇ?"

"ಗೊತ್ತಿಲ್ದೆ ಏನು? ಬಹಳ ಕೆಟ್ಟದ್ದು. ಅದರ ಗುಣ ಏನೇನು ನೀವು ಹೇಳಿ, ನೀವು ತಿಳಿದವರಂತೆ."

ಪರದೆಯವರು ಅಂಗಡಿಯಲ್ಲಿ ದಿನಾ ಹೇಳುವುದನ್ನೇ ಹೇಳಿಬಿಟ್ಟರು. "ಬಿಸಿಲಿಗೆ ಮಾಸಲ್ಲ. ಎಷ್ಟು ತೊಳೆದರೂ ಬಣ್ಣ ಹೋಗಲ್ಲ. ವರ್ಷಾನುಗಟ್ಟಲೆ ಇರುತ್ತೆ."

"ಅಂದ್ರೆ ರಕ್ತದಲ್ಲೇ ಉಳಿದುಬಿಡುತ್ತೆ" ಎಂದರು ಡಾಕ್ಟರು. "ನರ್ಸಮ್ಮ, ಪೈಪು ತನ್ನಿ. ಹೊಟ್ಟೆ ತೊಳೀಬೇಕು."

ಗೊತ್ತಿಲ್ಲ ಎಂದು ಹೇಳಲಾಗದ ಇಬ್ಬರು ಮನುಷ್ಯರು ಎದುರುಬದುರು ನಿಂತಿದ್ದರು. ಒಬ್ಬರು ಕಟ್ಟಿದ ಸುಳ್ಳಿಗೆ ಇನ್ನೊಬ್ಬರು ಸರ್ಕಾರಿ ಮೊಹರು ಒತ್ತಿಯಾಗಿತ್ತು. ಆ ಇಬ್ಬರ ನಡುವೆ ಮಂಚದ ಮೇಲೆ ಮಲಗಿದ್ದ ಹೆಂಗಸು ನಿಜವಾಗಿ ಹೆದರಿದ್ದರು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ಅಮ್ಮಾ, ಗ್ಯಾಸ್ ಆಫ್ ಮಾಡಿದ್ದೆ. ಆದ್ರೂ ನೋಡ್ಕೊ" ಎಂದರು ತಾಯಿಗೆ. ಆಮೇಲೆ ಗಂಡನಿಗೆ, "ಹೂವು ಬಹಳ ಚೆನ್ನಾಗಿತ್ತು ರೀ. ನೀವು ಬೇಜಾರು ಮಾಡ್ಕೋಬೇಡಿ" ಎಂದರು.

ನರ್ಸಮ್ಮ ಪೈಪು ತಂದರು. ಉದ್ದದ, ಕೆಂಪು ರಬ್ಬರಿನ ಪೈಪು. ಜೊತೆಗೆ ಒಂದು ಸೂಜಿ. ಅದನ್ನು ಕಂಡದ್ದೇ ಪರದೆಯವರು ಮುಖ ತಿರುಗಿಸಿಕೊಂಡರು. ಆದರೂ ಮಂಚದ ಅಂಚು ಹಿಡಿದು ಮಂಚಕ್ಕೂ ಪೈಪಿಗೂ ನಡುವೆ ಬಂದು ನಿಂತರು.

"ಬೇಡ ಡಾಕ್ಟ್ರೇ! ವಿಷ ಅಲ್ಲ! ನೀಲಿ ಮಹಾರಾಣಿ ಅನ್ನೋ ಹೂವೇ ಇಲ್ಲ! ಅದು ನಮ್ಮಂಗಡಿ ಪರದೆ! ನಾನೇ ಹೆಸರಿಟ್ಟಿದ್ದು! ನನಗೆ ಒಂದು ಹೂವೂ ಗೊತ್ತಿಲ್ಲ! ಹಳದಿ ಮಂತ್ರಿನೂ ಸುಳ್ಳು, ಬೆಳ್ಳಿಗಂಟೆನೂ ಸುಳ್ಳು!"

ಒಬ್ಬ ಮನುಷ್ಯ ಇಡೀ ಜೀವಮಾನದ ಮರ್ಯಾದೆಯನ್ನು ಒಂದೇ ಉಸಿರಿನಲ್ಲಿ ಕಳೆದುಕೊಂಡಿದ್ದ. ಆದರೆ ಆ ಮಾತನ್ನು ನಂಬುವವರೇ ಇರಲಿಲ್ಲ.

"ಪಾಪ" ಎಂದರು ಡಾಕ್ಟರು. "ಇವರಿಗೂ ತಗುಲಿದೆ. ಬಡಬಡಿಕೆ ಇದರ ಮೊದಲನೇ ಲಕ್ಷಣ."

"ಮೇಕೆ ಸತ್ತಿದ್ದನ್ನ ನಾವೇ ನೋಡಿದ್ದೀವಿ" ಎಂದರು ಅಧ್ಯಕ್ಷರು. "ಕನ್ನಡಕದವರು ಉಸಿರು ಪರೀಕ್ಷೆ ಮಾಡಿದ್ದಾರೆ."

ಪರದೆಯವರು ನನ್ನ ಕಡೆ ನೋಡಿದರು. ನಾನು ಗಾಜಿನ ಬೀರುವಿನ ಕಡೆ ನೋಡಿದೆ. ಅತ್ತೆ ಮಾತ್ರ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿ, "ಇವರು ಹೇಳ್ತಿರೋದು ನಿಜ ಇರಬಹುದು ಡಾಕ್ಟ್ರೇ. ಇವರಿಗೆ ಇಷ್ಟು ಬುದ್ಧಿ ಇಲ್ಲ ಅಂತ ನಾನು ಮದುವೆ ದಿನವೇ ಹೇಳಿದ್ದೆ" ಎಂದರು. ಆದರೆ ಡಾಕ್ಟರು ಆಗಲೇ ಅಂಗಿಯ ತೋಳು ಮಡಚಿಕೊಂಡಾಗಿತ್ತು.

ಆಗ ಪರದೆಯವರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೇಜಿನ ಮೇಲೆ ಅತ್ತೆ ಇಟ್ಟಿದ್ದ ಬ್ರೆಡ್ಡಿನ ಕಾಗದ ಬಿಚ್ಚಿದರು. ಬಾಡಿದ ನೀಲಿ ಗೊಂಚಲು. ಎಸಳುಗಳು ಮೇಜಿನ ಮೇಲೆ ಉದುರಿದವು. ಉದುರಿದ್ದನ್ನೂ ಬಿಡದೆ ಬಳಿದುಕೊಂಡು, ಎಲೆ, ದಂಟು, ಅದಕ್ಕಂಟಿದ್ದ ಬ್ರೆಡ್ಡಿನ ಚೂರು ಸಮೇತ ಎಲ್ಲವನ್ನೂ ಬಾಯಿಗೆ ತುರುಕಿಕೊಂಡರು. ಕಣ್ಣು ಬಿಗಿಯಾಗಿ ಮುಚ್ಚಿ ಅಗಿದರು. ನುಂಗಿದರು.

"ನೋಡಿ" ಎಂದರು. "ಏನೂ ಆಗಲ್ಲ. ನೋಡಿ..."

ನಾವೆಲ್ಲ ನೋಡಿದೆವು. ಅವರು ನೆಟ್ಟಗೆ ನಿಂತಿದ್ದರು. ನಿಜಕ್ಕೂ ಏನೂ ಆಗುತ್ತಿರಲಿಲ್ಲ. ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತೇನೋ. ಅಷ್ಟರಲ್ಲಿ ನರ್ಸಮ್ಮ, ಯಾವುದಕ್ಕೂ ಇರಲಿ ಎಂದು, ಸೂಜಿಯನ್ನು ಬೆಳಕಿಗೆ ಹಿಡಿದು ಒಂದು ಹನಿ ಚಿಮ್ಮಿಸಿದರು. ಪರದೆಯವರ ಕಣ್ಣು ಅದರ ಮೇಲೆ ಬಿತ್ತು. ಮುಂದೆ ಅವರೇ ಬಿದ್ದರು, ಮೇಕೆ ಬಿದ್ದ ಹಾಗೇ, ಮೊದಲು ಮೊಣಕಾಲು ಮಡಚಿ, ಆಮೇಲೆ ಮಗ್ಗುಲಾಗಿ.

"ಹೇಳಲಿಲ್ವಾ!" ಎಂದು ಕೂಗಿದರು ಡಾಕ್ಟರು. ಆ ದನಿಯಲ್ಲಿ ಎಲ್ಲರಿಗಿಂತ ಹೆಚ್ಚಿನ ಭಯವಿತ್ತು. ತಮ್ಮ ಮಾತು ನಿಜವಾದದ್ದು ಅವರಿಗೂ ಅದೇ ಮೊದಲಿರಬೇಕು.

ಅಲ್ಲಿಂದ ಮುಂದಿನದು ಗದ್ದಲ. ಗಾರ್ಡ್ "ನನ್ನದೂ ತೊಳೀರಿ" ಎಂದು ಬಾಯಿ ತೆರೆದು ನಿಂತ. ಅಧ್ಯಕ್ಷರು ಬೆರಳನ್ನು ಫಿನಾಯಿಲ್ ಬಕೆಟ್ಟಿನಲ್ಲಿ ಅದ್ದಿದರು. ಮಂಚದ ಮೇಲಿದ್ದ ಹೆಂಡತಿ ಎದ್ದು, ಪೈಪು ದಾಟಿ, ನೆಲದಲ್ಲಿ ಕೂತು ಗಂಡನ ತಲೆಯನ್ನು ತೊಡೆಗೆ ಎಳೆದುಕೊಂಡರು. "ಏನಿಲ್ಲ ಡಾಕ್ಟ್ರೇ, ಇವರು ಸೂಜಿ ಕಂಡ್ರೆ ಬೀಳ್ತಾರೆ. ಯಾವಾಗಲೂ ಹೀಗೇ" ಎಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಗೆಂದು ತಂದ ಪೈಪನ್ನು ಗಂಡನಿಗೆ ಹಾಕಿದರು. ಪರದೆಯವರಿಗೆ ಎಚ್ಚರವಾಗುವ ಹೊತ್ತಿಗೆ ಅದು ಅರ್ಧ ದಾರಿ ಹೋಗಿತ್ತು. ಅವರು ಏನೋ ಹೇಳಲು ಪ್ರಯತ್ನಿಸಿದರು. ಪೈಪಿನ ಸಂದಿಯಿಂದ ಬಂದದ್ದು "ಪರದೆ... ಪರದೆ..." ಎಂದೆನ್ನಿಸಿತು.

ಆ ಗದ್ದಲವೆಲ್ಲ ಮುಗಿದ ಮೇಲೆ ನರ್ಸಮ್ಮ ಹೆಂಡತಿಯನ್ನು ನೋಡಿ, "ನಿಮಗೆ ಹೇಗಿದೆಯಮ್ಮ?" ಎಂದು ಕೇಳಿದರು. ಆಗ ಎಲ್ಲರಿಗೂ ನೆನಪಾಯಿತು, ರೋಗಿ ಇವರಲ್ಲವೇ ಎಂದು. ಆಕೆ ತುಸು ಯೋಚಿಸಿ, "ಹಸಿವಾಗ್ತಿದೆ" ಎಂದರು.

"ನನ್ನ ಸಕಾಲದ ಚಿಕಿತ್ಸೆ" ಎಂದರು ಡಾಕ್ಟರು, ಬೆವರು ಒರೆಸಿಕೊಳ್ಳುತ್ತಾ. ಆಕೆಗೆ ಅವರು ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ.

ಬಸ್ಸು ಹಿಡಿಯಲು ಗುಡ್ಡದ ಗೇಟಿನ ಕಡೆ ಬಂದಾಗ ಬೇಲಿಯ ಪಕ್ಕದಲ್ಲಿ ಬಿಳಿ ಮೇಕೆಯೊಂದು ನಿಂತು ಗಾರ್ಡ್ ಬಿಟ್ಟುಹೋಗಿದ್ದ ಬ್ರೆಡ್ಡನ್ನು ಮುಗಿಸುತ್ತಿತ್ತು. ಮೂತಿಗೆ ಒಂದು ನೀಲಿ ಎಸಳು ಅಂಟಿತ್ತು. ನಾವು ಬಹಳ ಹೊತ್ತು ಅದನ್ನು ನೋಡಿದೆವು. ಅದೂ ನಮ್ಮನ್ನು ನೋಡಿತು.

"ಇದು ಬೇರೆ ಮೇಕೆ" ಎಂದರು ಅಧ್ಯಕ್ಷರು. ಫಿನಾಯಿಲ್‌ನಿಂದ ಅವರ ಬೆರಳಿನ ಚರ್ಮ ಸುಲಿದಿತ್ತು. ಅಷ್ಟಾದ ಮೇಲೆ ಬೇರೇನು ಹೇಳಲು ಸಾಧ್ಯ?

"ಬೇರೆಯದೇ" ಎಂದೆ ನಾನು, ಕನ್ನಡಕದವನ ಅಧಿಕಾರದಿಂದ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲೇ ಗಂಡ ಹೆಂಡತಿ ಕೂತಿದ್ದರು. ಪರದೆಯವರು ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಬಹಳ ದೂರ ಹೋದ ಮೇಲೆ ಹೆಂಡತಿ ಕೇಳಿದರು, "ಅಷ್ಟೂ ಹೆಸರು ಸುಳ್ಳಾ ರೀ?"

"ಅಷ್ಟೂ."

"ನಮ್ಮ ಬಚ್ಚಲಿನ ಸಂಜೆ ರಾಜಕುಮಾರಿ?"

"ಅದೂ."

"ಹೋಗಲಿ ಬಿಡಿ. ಆ ಹೂವು ವಿಷ ಅಲ್ಲ ಅಂತ ಗೊತ್ತಿದ್ದೇ ತಾನೇ ನೀವು ತಿಂದಿದ್ದು?"

ಪರದೆಯವರು ಸುಳ್ಳು ಹೇಳಬಹುದಿತ್ತು. ಅವರಿಗೆ ಅದು ಕಷ್ಟದ ಕೆಲಸವಲ್ಲ. "ಇಲ್ಲ" ಎಂದರು. "ಆ ಹೊತ್ತಿಗೆ ವಿಷ ಅಂತಲೇ ಅಂದ್ಕೊಂಡಿದ್ದೆ. ಡಾಕ್ಟ್ರೂ ಹೇಳಿದ್ರಲ್ಲ."

"ಮತ್ತೆ ಯಾಕ್ರಿ ತಿಂದ್ರಿ?"

"ನೀನು ತಿಂದಿದ್ದೆಯಲ್ಲ."

ಆಕೆ ಅವರ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ನಮ್ಮ ಸ್ಟಾಪು ಬರುವವರೆಗೆ ಬಿಡಲಿಲ್ಲ. ಪಕ್ಕದಲ್ಲಿದ್ದ ಅತ್ತೆ ನನ್ನನ್ನು ತಿವಿದು, "ಅತ್ತ ನೋಡಿ" ಎಂದರು. ನಾನು ಅತ್ತ ನೋಡಿದೆ.

ಮರುವರ್ಷ ವಸಂತದಲ್ಲಿ ಮತ್ತೆ ಗುಡ್ಡಕ್ಕೆ ಹೋದೆವು. ಈ ಸಲ ನನ್ನ ದೂರದ ಕನ್ನಡಕ ಮೂಗಿನ ಮೇಲೇ ಇತ್ತು. ನೀಲಿ ಇಳಿಜಾರಿನ ಮುಂದೆ ಅರಣ್ಯ ಇಲಾಖೆಯವರು ದೊಡ್ಡ ಬೋರ್ಡು ನೆಟ್ಟಿದ್ದರು. ಗಾರ್ಡ್ ಮೇಲಿನವರಿಗೆ ವರದಿ ಮಾಡಿದ್ದನಂತೆ, ಡಾಕ್ಟರು ಅದಕ್ಕೆ ಸಹಿ ಹಾಕಿದ್ದರಂತೆ. ಬೋರ್ಡಿನ ಮೇಲೆ ಕೆಂಪಕ್ಷರ: "ಎಚ್ಚರಿಕೆ! ನೀಲಿ ಮಹಾರಾಣಿ. ಮಾರಕ ವಿಷದ ಹೂವು. ಮುಟ್ಟಬಾರದು." ಯಾರೂ ಕೀಳದೆ, ಯಾರೂ ತುಳಿಯದೆ ಹೂವು ಹಿಂದಿನ ವರ್ಷಕ್ಕಿಂತ ದಟ್ಟವಾಗಿ ಬಿಟ್ಟಿತ್ತು. ಜನ ದೂರದಲ್ಲಿ ಹೆದರಿಕೊಂಡು ನಿಂತು ನೋಡುತ್ತಿದ್ದರು.

ಪರದೆಯವರ ಹೆಂಡತಿ ಬೋರ್ಡು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅತ್ತಿತ್ತ ನೋಡಿ, ಬಗ್ಗಿ, ಒಂದು ಹುಳಿ ಎಸಳಿಗೆ ಕೈ ಹಾಕಿದರು.

ಪರದೆಯವರು ಚಂಗನೆ ಹಾರಿ ಆಕೆಯ ಕೈ ಹಿಡಿದು ಹಿಂದಕ್ಕೆ ಎಳೆದರು. ಮುಖ ಬಿಳಿಚಿಕೊಂಡಿತ್ತು.

"ರೀ, ನೀವೇ ಕಟ್ಟಿದ ಸುಳ್ಳಲ್ವೇನ್ರಿ ಇದು?"

"ಹೌದು ಕಣೇ" ಎಂದರು ಪರದೆಯವರು, ಬೋರ್ಡಿನ ಮೇಲಿಂದ ಕಣ್ಣು ತೆಗೆಯದೆ. "ಆದ್ರೂ ಯಾಕೆ ಬೇಕು? ಸರ್ಕಾರದವರು ಸುಮ್ಸುಮ್ನೆ ಬರೀತಾರಾ?"